ಮಿದುಳಿನೊಳಗಿನ ಹರಾಜುಕಟ್ಟೆ



ಹಬ್ಬದ ಊಟದಲ್ಲಿ ಗಸಗಸೆ ಪಾಯಸ ಕುಡಿದವರು ಮಧ್ಯಾಹ್ನ ಚಾಪೆ ಹುಡುಕುತ್ತಾರೆ. ‘ಗಸಗಸೆ ಕೆಲಸ ಮಾಡ್ತು’ ಎಂದು ನಗುತ್ತೇವೆ. ನಿಜ ಹೇಳಬೇಕೆಂದರೆ ಆ ನಿದ್ದೆಯಲ್ಲಿ ಹೋಳಿಗೆಯ ಪಾಲೇ ಹೆಚ್ಚು. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಅಮಲಿರುವುದು ಅದೇ ಗಿಡದ ಎಳೆಗಾಯಿ ಗೀರಿದಾಗ ಒಸರುವ ಹಾಲಿನಲ್ಲಿ. ಅದೇ ಅಫೀಮು. ಅದರಿಂದ ಮಾರ್ಫಿನ್ ಬಂತು, ಮಾರ್ಫಿನ್‌ನಿಂದ ಹೆರಾಯಿನ್. 1898ರಲ್ಲಿ ಬೇಯರ್ ಕಂಪನಿ ಹೆರಾಯಿನ್ ಅನ್ನು ಕೆಮ್ಮಿನ ಔಷಧಿಯೆಂದು ಮಾರಿತು. ಟ್ರಮಡಾಲ್, ಟ್ಯಾಪೆಂಟಡಾಲ್ ಎಂಬ ನೋವಿನ ಮಾತ್ರೆಗಳು ಗಿಡದಿಂದ ಬಂದವಲ್ಲ, ಆದರೆ ಮಿದುಳಿನಲ್ಲಿ ಅವು ಹೋಗಿ ಕೂರುವ ಜಾಗ ಅದೇ.

ಯಾವುದೋ ಗಿಡದ ಹಾಲಿಗೆ ನಮ್ಮ ಮಿದುಳಿನಲ್ಲಿ ಜಾಗವೇಕೆ? ಆ ಜಾಗಗಳು, ಅಂದರೆ ಗ್ರಾಹಕಗಳು, ಇರುವುದನ್ನು 1973ರಲ್ಲಿ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಎಂಬ ವಿಜ್ಞಾನಿಗಳು ತೋರಿಸಿದರು. 1975ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕಾಸ್ಟರ್‌ಲಿಟ್ಜ್ ಹಂದಿಗಳ ಮಿದುಳಿನಿಂದ ಎನ್ಕೆಫಲಿನ್ ಎಂಬ ನೋವುನಿವಾರಕ ತೆಗೆದರು. ಜಾಗ ಇದ್ದದ್ದು ಮೈಯೇ ತಯಾರಿಸುವ ಆ ನೋವುನಿವಾರಕಕ್ಕೆ. ಗಸಗಸೆ ಗಿಡ ಬೇರೆಯವರ ಮನೆಗೆ ಕಳ್ಳಕೀಲಿ ಹಾಕಿಕೊಂಡು ಬಂದದ್ದು.

ಹಾಗೆ ಒಳಹೊಕ್ಕ ಅಫೀಮು ಕೆಡಿಸುವುದು ಮಿದುಳಿನ ಡೋಪಮಿನ್ ಎಂಬ ರಾಸಾಯನಿಕದ ಲೆಕ್ಕವನ್ನು. ಡೋಪಮಿನ್ ಎಂದರೆ ‘ಸುಖದ ರಸ’ ಎಂದು ಪತ್ರಿಕೆಗಳು ಬರೆಯುತ್ತವೆ. ನನಗೆ ಒಪ್ಪಿಗೆಯಿಲ್ಲ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಬಾಯಿಂದ ಹರಾಜು ಕೂಗುತ್ತಿದ್ದ ಕಾಲ ಕಂಡವರು ಇಲ್ಲಿದ್ದೀರಿ. ಡೋಪಮಿನ್ ಆ ಕೂಗು. ಯಾವ ಲಾಟಿಗೆ ಎಷ್ಟು ಬೆಲೆ, ಯಾವುದಕ್ಕೆ ಎದ್ದು ಓಡಬೇಕು ಎಂದು ಹೇಳುವುದು ಅದರ ಕೆಲಸ. ಹಸಿದಾಗ ಮುದ್ದೆಗೆ, ಸಂಜೆ ಮಗುವಿನ ಮುಖಕ್ಕೆ, ಗೂಡು ಮಾರಿದ ದುಡ್ಡಿಗೆ, ಒಂದೊಂದಕ್ಕೂ ತಕ್ಕ ಕೂಗು. ಅದು ಮಿತಿ ಮೀರದಂತೆ ಗಾಬಾ ಎಂಬ ರಾಸಾಯನಿಕ ಸೂಸುವ ನರಕೋಶಗಳು ಕಾವಲಿವೆ. ಅಫೀಮು ಕೂಗುವವನನ್ನು ಮುಟ್ಟುವುದಿಲ್ಲ, ಕಾವಲುಗಾರನನ್ನು ಮಲಗಿಸುತ್ತದೆ. ಆಮೇಲೆ ಅಮಲಿನ ಒಂದೇ ಲಾಟಿಗೆ ಕಂಡು ಕೇಳರಿಯದ ಬೆಲೆ. ಹೆಂಡತಿ, ಹೊಲ, ಹಬ್ಬ ಎಲ್ಲ ಕೇಳುವವರಿಲ್ಲದ ಗೂಡಿನಂತೆ ಬಿದ್ದಿರುತ್ತವೆ. ವರ್ಷ ಕಳೆದರೆ ಆ ಅಮಲು ಹಿತವನ್ನೂ ಕೊಡುವುದಿಲ್ಲ. ಬೆಲೆ ಮಾತ್ರ ಇಳಿಯುವುದಿಲ್ಲ. ‘ಬೇಕು’ ಎನ್ನುವುದಕ್ಕೂ ‘ಹಿತ’ ಎನ್ನುವುದಕ್ಕೂ ಮಿದುಳಿನಲ್ಲಿ ದಾರಿಗಳು ಬೇರೆ.

ಇನ್ನು ಅಮಲು ಸಿಗದಾಗಿನ ಸಂಕಟದ ಕಥೆ. ಮಿದುಳಿನ ಬುಡದಲ್ಲಿ ಲೋಕಸ್ ಸೆರೂಲಿಯಸ್ ಎಂಬ ಚಿಕ್ಕ ತಾಣವಿದೆ. ಲ್ಯಾಟಿನ್ನಿನಲ್ಲಿ ‘ನೀಲಿ ಜಾಗ’. ಎಚ್ಚರಕ್ಕೂ ದಿಗಿಲಿಗೂ ಬೇಕಾದ ನಾರ್‌ಅಡ್ರಿನಲಿನ್ ಮಿದುಳಿಗೆ ಹರಿಯುವುದು ಮುಖ್ಯವಾಗಿ ಅಲ್ಲಿಂದ. ಅಫೀಮು ಅದನ್ನು ದಿನವೂ ಅದುಮುತ್ತದೆ. ಅದುಮಿದಷ್ಟೂ ಆ ಕೋಶಗಳು ಒಳಗೊಳಗೇ ಬಲ ಕೂಡಿಸಿಕೊಳ್ಳುತ್ತವೆ. ನಿನ್ನೆ ಸಾಕಾದ ಎರಡು ಮಾತ್ರೆ ಇಂದು ಸಾಲುವುದಿಲ್ಲ. ಒಂದು ದಿನ ಸಿಗದಿದ್ದರೆ ಅದುಮಿದ ಕೈ ಎದ್ದಂತೆ: ಮೂಗು, ಕಣ್ಣು ಸೋರುತ್ತವೆ, ಆಕಳಿಕೆಯ ಮೇಲೆ ಆಕಳಿಕೆ, ಮೈ ನವಿರೇಳುತ್ತದೆ, ಹೊಟ್ಟೆ ಹಿಂಡಿ ಭೇದಿಯಾಗುತ್ತದೆ. ಹೆರಾಯಿನ್ ಆದರೆ 8ರಿಂದ 12 ಗಂಟೆಯಲ್ಲಿ ಶುರು, ಎರಡು ಮೂರನೆಯ ದಿನ ಜೋರು, ವಾರದ ಹೊತ್ತಿಗೆ ಇಳಿತ. ರಕ್ತದೊತ್ತಡದ ಕ್ಲೋನಿಡಿನ್ ಮಾತ್ರೆ ಇಲ್ಲಿ ಉಪಯೋಗಕ್ಕೆ ಬರುವುದು ಆ ನೀಲಿ ಜಾಗವನ್ನು ತಣಿಸುವುದರಿಂದ. ‘ನಾಟಕ ಆಡ್ತಾನೆ’ ಎಂದು ಮನೆಯವರು ಬೈಯುತ್ತಾರೆ. ಬೇಕೆಂದಾಗ ಮೈ ನವಿರೇಳಿಸಿಕೊಳ್ಳುವ ನಟನನ್ನು ನಾನಂತೂ ಕಂಡಿಲ್ಲ.

ನಮ್ಮ ಕಡೆ ಮೊದಲ ಶತ್ರು ಇವತ್ತಿಗೂ ಎಣ್ಣೆಯೇ. ಮದ್ಯವರ್ಜನ ಶಿಬಿರಗಳನ್ನು ಕಂಡ ಊರುಗಳು ನಮ್ಮವು. ಆ ಲೆಕ್ಕವನ್ನೇ ಅಫೀಮಿಗೂ ಹಾಕುತ್ತೇವೆ: ಚಟ ಹತ್ತಿದವನನ್ನು ಹತ್ತು ಹದಿನೈದು ದಿನ ಎಲ್ಲೋ ಇರಿಸಿ, ಮೈ ಹಗುರಾದ ಮೇಲೆ ‘ಬಿಡಿಸಿದ್ದಾಯ್ತು’ ಎಂದು ಕರೆತರುತ್ತೇವೆ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಈ ಕರೆತರುವ ದಿನದ ಬಗ್ಗೆ. ಮೈಗೆ ರೂಢಿ ತಪ್ಪಿರುತ್ತದೆ, ಮಿದುಳಿಗೆ ಬೆಲೆ ಮರೆತಿರುವುದಿಲ್ಲ. ಹಳೆಯ ಗೆಳೆಯ, ಹಳೆಯ ಮೆಡಿಕಲ್ ಸ್ಟೋರಿನ ತಿರುವು ಸಾಕು, ಕೂಗು ಏಳುತ್ತದೆ. ಅವನು ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತಾನೆ. ಉಸಿರಾಟ ನಡೆಸುವ ಕೋಶಗಳ ಮೇಲೂ ಇವೇ ಗ್ರಾಹಕಗಳಿವೆ. ತಿಂಗಳ ಹಿಂದೆ ತಾಳಿಕೊಂಡ ಅಳತೆ ಈಗ ಉಸಿರು ನಿಲ್ಲಿಸುತ್ತದೆ. ನಲಾಕ್ಸೋನ್ ಚುಚ್ಚುಮದ್ದು ನಿಮಿಷಗಳಲ್ಲಿ ಅಫೀಮನ್ನು ಆ ಜಾಗದಿಂದ ಎಬ್ಬಿಸಬಲ್ಲದು. ಆದರೆ ಅಷ್ಟರಲ್ಲಿ ಯಾರಾದರೂ ಪಕ್ಕದಲ್ಲಿರಬೇಕು, ಮದ್ದು ಹತ್ತಿರದಲ್ಲಿರಬೇಕು.

ಅದಕ್ಕೇ ಬ್ಯುಪ್ರೆನಾರ್ಫಿನ್. ನಾಲಿಗೆ ಕೆಳಗಿಟ್ಟು ಕರಗಿಸುವ ಮಾತ್ರೆ. ಗ್ರಾಹಕಕ್ಕೆ ಗಟ್ಟಿಯಾಗಿ ಅಂಟಿ ಕೂರುತ್ತದೆ, ಕೆಲಸ ಮಾತ್ರ ಅರ್ಧ ಮಾಡುತ್ತದೆ. ಸಂಕಟ ಏಳುವುದಿಲ್ಲ, ಕೂಗು ಮಿತಿ ಮೀರುವುದಿಲ್ಲ, ಬೇರೆ ಅಫೀಮು ಬಂದರೂ ಕೂರಲು ಜಾಗ ಸಿಗುವುದು ಕಷ್ಟ. ‘ಒಂದು ಚಟ ಬಿಡಿಸಿ ಇನ್ನೊಂದು ಹಚ್ಚಿದಿರಲ್ಲ ಡಾಕ್ಟ್ರೇ’ ಎನ್ನುತ್ತಾರೆ. ಈ ಮಾತ್ರೆ ತೆಗೆದುಕೊಳ್ಳುವವನು ಬೆಳಿಗ್ಗೆ ಎದ್ದು ಸೊಪ್ಪು ಕೊಯ್ದು ಹುಳುವಿಗೆ ಹಾಕಬಲ್ಲ. ನನಗೆ ಅಷ್ಟು ಸಾಕು. ಎಷ್ಟು ದಿನ ಎಂದರೆ, ಕೆಲವರಿಗೆ ವರ್ಷಗಳು.

ಇದನ್ನೆಲ್ಲ ಕೇಳಿ ಕ್ಯಾನ್ಸರ್ ನೋವಿನವರಿಗೆ ಮಾರ್ಫಿನ್ ಬೇಡ ಎನ್ನಬೇಡಿ. ವೈದ್ಯರ ಕಣ್ಣೆದುರು ನೋವಿಗೆಂದು ತೆಗೆದುಕೊಳ್ಳುವುದೇ ಬೇರೆ. ಅವರಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕ ವಸ್ತು ಕಾಯ್ದೆಗೆ ತಿದ್ದುಪಡಿ ಬಂದದ್ದು.

ಏಮ್ಸ್ ತಜ್ಞರು ಕೇಂದ್ರ ಸರ್ಕಾರಕ್ಕೆ ಮಾಡಿಕೊಟ್ಟು 2019ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ, ಅಫೀಮು ಬಗೆಯ ಮಾದಕಗಳ ತೊಂದರೆಗೆ ನೆರವು ಬೇಕಾದವರು ದೇಶದಲ್ಲಿ ಸುಮಾರು 77 ಲಕ್ಷ. ನೆರವು ಹುಡುಕಿ ನಮ್ಮವರು ಹೋಗುವುದು ಬೆಂಗಳೂರಿಗೆ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ. ಕನಕಪುರದಿಂದ ಬನಶಂಕರಿಗೆ ಒಂದು ಬಸ್ಸು, ಅಲ್ಲಿಂದ ಹೊಸೂರು ರಸ್ತೆಗೆ ಇನ್ನೊಂದು. ಒಂದು ದಿನದ ಕೂಲಿ ಹೋಯಿತು. ಜೊತೆಗೆ ಹೋದ ತಾಯಿಯದೂ ಹೋಯಿತು. ಮಾತ್ರೆ ಮುಗಿದರೆ ಮತ್ತೆ ಅದೇ ಬಸ್ಸು. ಹೋಗುವ ಮೊದಲು ಯಾರನ್ನಾದರೂ ಕೇಳಬೇಕೆಂದರೆ ಟೆಲಿಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲೇ ಮಾತಾಡುತ್ತಾರೆ, ಕರೆಗೆ ದುಡ್ಡಿಲ್ಲ.