ನಾಣ್ಯದ ಮೇಲಿನ ಇಸವಿ



ಕಲಬುರಗಿಯ ಹಳೆಯ ಮನೆಗಳಲ್ಲಿ ಚಾರ್‌ಮಿನಾರ್ ಚಿತ್ರವಿರುವ ನಿಜಾಮರ ಹಾಲಿ ಸಿಕ್ಕಾ ರೂಪಾಯಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕಮಲಾಪುರದ ಕಡೆಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರ ಒಡವೆಗಳಲ್ಲಿ ಪೋಣಿಸಿದ ನಾಣ್ಯಗಳನ್ನೂ ಕಂಡಿರಬಹುದು. ಆದರೆ ಹದಿನೆಂಟನೆಯ ಶತಮಾನದ ಯುರೋಪಿನ ಬೆಳ್ಳಿ ನಾಣ್ಯ ಕಂಡವರು ವಿರಳ. ಏಕೆ?

ಆ ಕಾಲದಲ್ಲಿ ಯುರೋಪಿನ ವರ್ತಕರು ನಮ್ಮ ಬಟ್ಟೆ, ಮೆಣಸುಗಳಿಗೆ ಬಹುಮಟ್ಟಿಗೆ ಬೆಳ್ಳಿಯನ್ನೇ ಕೊಡಬೇಕಾಗಿತ್ತು. ಮೆಕ್ಸಿಕೋದಲ್ಲಿ ಅಚ್ಚಾದ ಸ್ಪೇನಿನ ಡಾಲರುಗಳು ಹಡಗು ತುಂಬಿ ಬಂದವು. ಇಲ್ಲಿನ ಪೇಟೆಯಲ್ಲಿ ನಡೆಯುತ್ತಿದ್ದುದು ಮಾತ್ರ ರೂಪಾಯಿ. ಹೀಗಾಗಿ ಅವುಗಳಲ್ಲಿ ಬಹುಪಾಲು ಟಂಕಸಾಲೆಯ ಮೂಸೆಯಲ್ಲಿ ಕರಗಿ ರೂಪಾಯಿಗಳಾದವು.

ಇಂಥ ನಾಣ್ಯ ಸಂಗ್ರಹಿಸುವವರು ಮೊದಲು ಕಲಿಯಬೇಕಾದ ಪಾಠವೊಂದಿದೆ: ಇಸವಿಯನ್ನು ಕಂಡೊಡನೆ ನಂಬಬಾರದು. ಆಸ್ಟ್ರಿಯದ ರಾಣಿ ಮರಿಯಾ ಥೆರೇಸಾಳ ಥೇಲರ್ ನಾಣ್ಯವನ್ನೇ ನೋಡಿ. ತೂಕ ಸುಮಾರು 28 ಗ್ರಾಂ, ಅಡ್ಡಳತೆ ಸುಮಾರು 4 ಸೆಂಟಿಮೀಟರ್. ಅರಬ್ ದೇಶಗಳ ವರ್ತಕರಿಗೆ ಈ ನಾಣ್ಯದ ಮೇಲೆ ಅಪಾರ ನಂಬಿಕೆಯಿತ್ತು. ರಾಣಿ 1780ರಲ್ಲಿ ತೀರಿಕೊಂಡಳು. ಆದರೂ ಅದೇ ಮುಖ, ಅದೇ 1780ರ ಇಸವಿಯೊಡನೆ ನಾಣ್ಯ ಅಚ್ಚಾಗುತ್ತಲೇ ಹೋಯಿತು. 1940-41ರಲ್ಲಿ ನಮ್ಮ ಮುಂಬಯಿ ಟಂಕಸಾಲೆಯಲ್ಲೂ ಅಚ್ಚಾಯಿತು! ರಾಣಿಯ ಪದಕದ ಮುತ್ತುಗಳು, ಹದ್ದಿನ ಬಾಲದ ಗರಿಗಳು ಮುಂತಾದ ಸಣ್ಣ ವ್ಯತ್ಯಾಸಗಳಿಂದಲೇ ಬಲ್ಲವರು ಹಳೆಯದನ್ನೂ ಹೊಸದನ್ನೂ ಬೇರ್ಪಡಿಸುತ್ತಾರೆ.

ನಮಗೆ ಇದು ಹೊಸತೇನಲ್ಲ. ಕಲಬುರಗಿಯನ್ನು ಆಳಿದ ನಿಜಾಮರೂ 1857ರವರೆಗೆ ದೆಹಲಿಯ ಮೊಗಲ್ ಬಾದಶಹರ ಹೆಸರಿನಲ್ಲಿಯೇ ನಾಣ್ಯ ಹೊರಡಿಸುತ್ತಿದ್ದರು. ನಾಣ್ಯದ ಮೇಲಿನ ಹೆಸರು ಒಬ್ಬರದು, ಅಧಿಕಾರ ಇನ್ನೊಬ್ಬರದು.

ನಿಮ್ಮ ಅಜ್ಜಿಯ ಪೆಟ್ಟಿಗೆಯಲ್ಲಿ ಅಪರಿಚಿತ ಬೆಳ್ಳಿ ನಾಣ್ಯವಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ಅಕ್ಷರಗಳು ಸವೆಯುತ್ತವೆ. ಅಂಚಿನಲ್ಲಿ ಹಿಡಿದು ನೋಡಿ. ತೂಕ, ಅಳತೆ, ಎರಡೂ ಬದಿಯ ಬರಹ, ಅದು ಮನೆಗೆ ಬಂದ ಬಗೆ ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಹೊಲದಲ್ಲೋ ಪಾಯದಲ್ಲೋ ಹೂತಿಟ್ಟ ನಾಣ್ಯಗಳು ಸಿಕ್ಕರೆ ಜಿಲ್ಲಾಧಿಕಾರಿಗಳಿಗೆ ತಿಳಿಸಬೇಕೆಂಬುದು ಕಾನೂನು. ನೂರು ವರ್ಷ ಮೀರಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು 1972ರ ಕಾಯಿದೆ ನಿಷೇಧಿಸಿದೆ.

ಸರಾಫರ ಅಂಗಡಿಯಲ್ಲಿ ಕರಗಿಸಿದರೆ ನಿಮಗೆ ಸಿಗುವುದು ಸುಮಾರು ಎರಡು ತೊಲೆ ಬೆಳ್ಳಿಯ ಬೆಲೆ ಅಷ್ಟೆ. ಸಮುದ್ರ ದಾಟಿ, ಮೂಸೆಯಿಂದ ತಪ್ಪಿಸಿಕೊಂಡು ನಮ್ಮೂರಿಗೆ ಬಂದ ನಾಣ್ಯದ ಕಥೆ ಆ ಬೆಂಕಿಯಲ್ಲಿ ಮುಗಿದುಹೋಗುತ್ತದೆ. ಅದನ್ನು ಉಳಿಸುವ ಕೆಲಸ ನಿಮ್ಮದು.