ದೀರ್ಘಕಾಲದ ಕಾಯಿಲೆಯ ಹಿರಿಯರು ಮತ್ತು ನಮ್ಮ ಕೆಲಸ

(ಟ್ರಸ್ಟಿನ ವಾರ್ಷಿಕ ಸಭೆ ಹಾಗೂ ವಿದ್ಯಾರ್ಥಿವೇತನ ವಿತರಣಾ ಕಾರ್ಯಕ್ರಮದಲ್ಲಿ ವೃದ್ಧಾಶ್ರಮದ ಶುಶ್ರೂಷಾ ಸಹಾಯಕಿಯರ ಪರವಾಗಿ ಮಾಡಿದ ಭಾಷಣ)



ಈ ವೇದಿಕೆಯಲ್ಲಿ ಸಾಮಾನ್ಯವಾಗಿ ಡಾಕ್ಟರು, ಇಂಜಿನಿಯರು, ವಕೀಲರು ಮಾತಾಡುತ್ತಾರೆ. ಈ ಸಲ ನಮ್ಮನ್ನು ಕರೆದಿದ್ದೀರಿ. ನಾವು ನರ್ಸುಗಳಲ್ಲ, ನರ್ಸಿನ ಕೈಕೆಳಗೆ ದುಡಿಯುವ ಸಹಾಯಕಿಯರು. ಕೋರ್ಸಿನ ಸರ್ಟಿಫಿಕೇಟಿನಲ್ಲಿ ನಮ್ಮ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್, ಊರಿನವರ ಬಾಯಲ್ಲಿ ಆಯಾ. ಆಯಾ ಎಂದರೆ ನಮಗೇನೂ ಬೇಸರವಿಲ್ಲ. ಆದರೆ ನಮ್ಮಲ್ಲಿ ಕೆಲವರ ಮನೆಯವರು ಈಗಲೂ ನೆಂಟರ ಮುಂದೆ "ಆಸ್ಪತ್ರೆಯಲ್ಲಿ ಇದ್ದಾಳೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಾರೆ. ಹಾಗಾಗಿ ನಾವು ಏನು ಮಾಡುತ್ತೇವೆಂದು ಇಲ್ಲಿಯೇ ಬಿಡಿಸಿ ಹೇಳುವುದು ಒಳ್ಳೆಯದು.

ನಮ್ಮಲ್ಲಿರುವ ಹಿರಿಯರಲ್ಲಿ ಒಂದೇ ಕಾಯಿಲೆ ಇರುವವರು ಕಡಿಮೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬಿ.ಪಿ.ಯೂ ಇರುತ್ತದೆ, ಬಿ.ಪಿ. ಇದ್ದವರಿಗೆ ಒಮ್ಮೆ ಲಕ್ವ ಹೊಡೆದಿರುತ್ತದೆ, ಜೊತೆಗೆ ಮಂಡಿನೋವು, ದಮ್ಮು, ಮರೆವು. ಇವು ಬಂದು ಹೋಗುವ ಜ್ವರದಂಥವಲ್ಲ, ಉಳಿದ ಆಯುಷ್ಯವಿಡೀ ಜೊತೆಗಿರುವಂಥವು. ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ಮಾತ್ರೆ, ಇನ್ಸುಲಿನ್ ನರ್ಸಿನ ಜವಾಬ್ದಾರಿ. ಉಳಿದ ಹೊತ್ತು, ಅಂದರೆ ಸ್ನಾನ, ಊಟ, ಶೌಚ, ನಡಿಗೆ, ನಿದ್ದೆ, ಇಷ್ಟಕ್ಕೂ ನಾವಿರುತ್ತೇವೆ. ಏನಾದರೂ ವ್ಯತ್ಯಾಸವಾದರೆ ಮೊದಲು ನಮ್ಮ ಕಣ್ಣಿಗೆ ಬೀಳಬೇಕು.

ಬೀಳದೇ ಹೋದದ್ದೂ ಉಂಟು. ನಮ್ಮಲ್ಲಿಬ್ಬರು ಹಿಂದೆ ಬೇರೊಂದು ಕಡೆ ಕೆಲಸಕ್ಕಿದ್ದೆವು. ತರಬೇತಿ ಅಂತ ಏನೂ ಆಗಿರಲಿಲ್ಲ. ಒಂದು ಮಳೆಗಾಲದ ರಾತ್ರಿ ಒಬ್ಬರು ಉಮ್ಮ ಕಾಲು ತಣ್ಣಗಾಗುತ್ತದೆ ಎಂದರು. ಬಿಸಿನೀರಿನ ಚೀಲಕ್ಕೆ ಬಟ್ಟೆ ಸುತ್ತಿ ಪಾದದ ಹತ್ತಿರ ಇಟ್ಟೆವು. ಅವರು ಹಾಯಾಗಿ ನಿದ್ದೆ ಹೋದರು. ಬೆಳಿಗ್ಗೆ ನೋಡಿದರೆ ಪಾದದಲ್ಲಿ ದೊಡ್ಡ ಗುಳ್ಳೆ. ಅವರಿಗೆ ಗೊತ್ತೇ ಆಗಿರಲಿಲ್ಲ. ಬಹಳ ವರ್ಷದ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶವೇ ಸತ್ತಿತ್ತು. ಕಾಲು ತಣ್ಣಗಿದೆ ಎಂದು ಅನ್ನಿಸುವುದೂ ಅದೇ ನರದ ತೊಂದರೆಯಿಂದ ಇರಬಹುದೆಂದು ನಮಗೆ ಯಾರೂ ಹೇಳಿರಲಿಲ್ಲ. ಗಾಯ ಮಾಯಲಿಲ್ಲ, ಕೊನೆಗೆ ಕಿರುಬೆರಳು ತೆಗೆಯಬೇಕಾಯಿತು. ಆಪರೇಷನ್ ಆಗಿ ಬಂದ ಉಮ್ಮ, "ಅಳಬೇಡಿ ಮಕ್ಕಳೇ, ಆವತ್ತು ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂದಿತ್ತು" ಎಂದರು. ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈಗ ನಾವು ಪಾದಕ್ಕೆ ಕೊಡುವಷ್ಟು ಹೊತ್ತು ಮುಖಕ್ಕೂ ಕೊಡುವುದಿಲ್ಲ. ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ಬೆಳಕಿನಲ್ಲಿ ನೋಡುತ್ತೇವೆ. ಹಿಮ್ಮಡಿ, ಅಂಗಾಲು, ಬೆರಳುಗಳ ಸಂದು. ನೀರು ಎಷ್ಟು ಬಿಸಿ ಇದೆಯೆಂದು ನಮ್ಮ ಮೊಣಕೈಯಿಂದ ನೋಡುತ್ತೇವೆ, ಅವರ ಕಾಲಿನಿಂದ ಅಲ್ಲ. ವುಝೂ ಮಾಡಿದ ಮೇಲೆ ಬೆರಳ ಸಂದು ಒರೆಸುವುದನ್ನು ಹಿರಿಯರು ಮರೆಯುತ್ತಾರೆ. ಐದು ಹೊತ್ತೂ ಒದ್ದೆ ಉಳಿದರೆ ಅಲ್ಲಿಯೇ ಚರ್ಮ ಬಿರಿಯುತ್ತದೆ. ಆದ್ದರಿಂದ ಒಣ ಬಟ್ಟೆ ಹಿಡಿದು ಪಕ್ಕದಲ್ಲೇ ನಿಲ್ಲುತ್ತೇವೆ. ಎಣ್ಣೆ, ಕ್ರೀಮು ಪಾದದ ಮೇಲೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಅವರ ಉಗುರನ್ನು ನಾವು ಕತ್ತರಿಸುವುದಿಲ್ಲ, ನರ್ಸಿಗೆ ಹೇಳುತ್ತೇವೆ.

ಸಕ್ಕರೆ ಏರುವುದಕ್ಕೆ ಎಲ್ಲರೂ ಹೆದರುತ್ತಾರೆ. ನಮಗೆ ಇಳಿಯುವುದೇ ಹೆಚ್ಚು ಭಯ. ಬೆವರು, ಕೈ ನಡುಕ, ಇದ್ದಕ್ಕಿದ್ದಂತೆ ಸಿಡುಕು, ತಡವರಿಸುವ ಮಾತು. ವಯಸ್ಸಾದವರಲ್ಲಿ ಇದನ್ನು ಅರಳುಮರಳು ಎಂದು ತಳ್ಳಿಹಾಕುವುದು ಸುಲಭ. ಕಳೆದ ರಮಝಾನಿನಲ್ಲಿ ನಮ್ಮ ಹಾಜಿಯವರೊಬ್ಬರು ಡಾಕ್ಟರು ಬೇಡವೆಂದರೂ ಉಪವಾಸ ಹಿಡಿದರು. ಅಸರ್ ನಮಾಝಿನ ಹೊತ್ತಿಗೆ ಅಂಗಿಯೆಲ್ಲ ಬೆವರಿನಿಂದ ತೊಯ್ದಿತ್ತು. ನಮ್ಮನ್ನು ತಮ್ಮ ತಂಗಿಯ ಹೆಸರು ಹಿಡಿದು ಕರೆದರು. ನರ್ಸ್ ಬೆರಳು ಚುಚ್ಚಿ ನೋಡಿದಾಗ 58. 70ಕ್ಕಿಂತ ಕೆಳಗೆ ಹೋದರೆ ಉಪವಾಸ ಮುರಿಯಲೇಬೇಕು, 300 ದಾಟಿದರೂ ಹಾಗೆಯೇ. ಸಕ್ಕರೆ ನೀರು ತಂದರೆ ಹಾಜಿಯವರು ತುಟಿ ಬಿಗಿಹಿಡಿದರು. "ಇನ್ನೆರಡು ಗಂಟೆ" ಎನ್ನುತ್ತಾರೆ. ರೋಗಿಗೆ ರಿಯಾಯಿತಿ ಇದೆ, ಜೀವಕ್ಕೆ ಅಪಾಯವಾಗುವಾಗ ಉಪವಾಸ ಬಿಡಲೇಬೇಕು ಎಂದು ಉಸ್ತಾದರು ಹೇಳಿದ್ದನ್ನು ನೆನಪಿಸಿದೆವು. ಬಿಸ್ಮಿ ಹೇಳಿ ಕುಡಿದರು, ಕಣ್ಣಲ್ಲಿ ನೀರಿತ್ತು. ಮೂರು ಚಮಚ ಸಕ್ಕರೆ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ, ಆಮೇಲೆ ಗಂಜಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕುವಂತಿರಲಿಲ್ಲ, ಆಂಬ್ಯುಲೆನ್ಸೇ ಗತಿ. ಬೆರಳು ಚುಚ್ಚಿ ರಕ್ತ ನೋಡಿದರೆ ಉಪವಾಸ ಮುರಿಯುವುದಿಲ್ಲ ಎಂಬುದನ್ನೂ ಬಹಳ ಮಂದಿಗೆ ಹೇಳಬೇಕಾಗುತ್ತದೆ. ಮುಂದಿನ ವರ್ಷದಿಂದ ರಮಝಾನಿಗೆ ಒಂದು ತಿಂಗಳು ಮೊದಲೇ ಡಾಕ್ಟರನ್ನೂ ಉಸ್ತಾದರನ್ನೂ ಒಟ್ಟಿಗೆ ಕೂರಿಸಿ ಪ್ರತಿಯೊಬ್ಬರ ಬಗ್ಗೆ ಮಾತಾಡಬೇಕೆಂದು ಕೇಳಿಕೊಂಡಿದ್ದೇವೆ.

ಹೃದಯ ಸೋತವರನ್ನು ನೋಡಿಕೊಳ್ಳುವಾಗ ನಮ್ಮ ಮುಖ್ಯ ಸಾಧನ ತೂಕದ ಯಂತ್ರ. ಬೆಳಿಗ್ಗೆ ಮೂತ್ರಕ್ಕೆ ಹೋಗಿ ಬಂದ ಮೇಲೆ, ತಿಂಡಿಗೆ ಮೊದಲು, ಅದೇ ಯಂತ್ರದ ಮೇಲೆ, ಅಂಥದೇ ಬಟ್ಟೆಯಲ್ಲಿ. ಎರಡು ಮೂರು ದಿನದಲ್ಲಿ 2 ಕಿಲೋ ಏರಿದರೆ ಅದು ಊಟದ ತೂಕವಲ್ಲ, ಮೈಯಲ್ಲಿ ನಿಂತ ನೀರು. ಚಪ್ಪಲಿಯ ಪಟ್ಟಿ ಬಿಗಿಯಾಯಿತು, ಎರಡು ದಿಂಬು ಸಾಲದೆ ಮೂರು ಬೇಕಾಯಿತು, ಇವೂ ಅದೇ ಸುದ್ದಿ ಹೇಳುತ್ತವೆ. ಆವತ್ತೇ ನರ್ಸಿಗೆ ತಿಳಿಸಿದರೆ ಮಾತ್ರೆಯಲ್ಲಿ ಮುಗಿಯಬಹುದು. ನಾಳೆ ನೋಡೋಣ ಎಂದರೆ ಐ.ಸಿ.ಯು. ಹಬ್ಬದ ಮರುದಿನ ಈ ತೂಕ ಏರುವುದು ಹೆಚ್ಚು. ಮಕ್ಕಳು ಪ್ರೀತಿಯಿಂದ ತರುವ ಉಪ್ಪಿನಕಾಯಿ, ಹಪ್ಪಳ, ಒಣಮೀನು! ಬೇಡವೆನ್ನಲು ನಮಗೆ ಬಾಯಿ ಬರುವುದಿಲ್ಲ. ದಯವಿಟ್ಟು ನೀವೇ ಯೋಚಿಸಿ.

ಲಕ್ವ ಹೊಡೆದವರಿಗೆ ಅಂಗಿ ತೊಡಿಸುವಾಗ ಮೊದಲು ಸೋತ ಕೈ, ಬಿಚ್ಚುವಾಗ ಮೊದಲು ಗಟ್ಟಿ ಕೈ. ಸೋತ ಕೈ ಹಿಡಿದು ಎಳೆದು ಎಬ್ಬಿಸಿದರೆ ಭುಜದ ಕೀಲು ಜಾರುತ್ತದೆ. ತುತ್ತನ್ನು ಗಟ್ಟಿ ಇರುವ ಕೆನ್ನೆಯ ಕಡೆ ಇಡಬೇಕು, ಕೂರಿಸಿಯೇ ತಿನ್ನಿಸಬೇಕು, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದು. ನಮ್ಮಲ್ಲಿ ಮಾತು ಹೋದ ಮಾಸ್ಟ್ರೊಬ್ಬರಿದ್ದಾರೆ, ಎಡಗೈಯಲ್ಲಿ ಗುಂಡಿ ಹಾಕಲು ಹತ್ತು ನಿಮಿಷ ಬೇಕು. ನಾವು ಹಾಕಿದರೆ ಅರ್ಧ ನಿಮಿಷ. ಬೆಳಗಿನ ಗಡಿಬಿಡಿಯಲ್ಲಿ ಆ ಹತ್ತು ನಿಮಿಷ ಕೈಕಟ್ಟಿ ನಿಲ್ಲುವುದೇ ನಮ್ಮ ಕೆಲಸದಲ್ಲಿ ಕಷ್ಟದ್ದು, ಸಿಬ್ಬಂದಿ ಕಡಿಮೆ ಇದ್ದ ದಿನ ನಾವೇ ಹಾಕಿಬಿಡುವುದೂ ನಿಜ.

ದಮ್ಮಿನವರ ಆಕ್ಸಿಜನ್ ಎಷ್ಟಿರಬೇಕೆಂದು ಡಾಕ್ಟರು ಬರೆದಿರುತ್ತಾರೆ. ಉಬ್ಬಸ ನೋಡಲಾಗದೆ ನಾವು ಹೆಚ್ಚು ಮಾಡುವಂತಿಲ್ಲ. ಮುಂದಕ್ಕೆ ಬಾಗಿಸಿ ಕೂರಿಸಿ, ತುಟಿ ಸಣ್ಣ ಮಾಡಿ ನಿಧಾನ ಉಸಿರು ಬಿಡಿಸಿ, ನರ್ಸನ್ನು ಕರೆಯುತ್ತೇವೆ. ಆ ಕೋಣೆಯಲ್ಲಿ ಅಗರಬತ್ತಿ, ಬೀಡಿ ಇಲ್ಲ. ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಗೋಡೆಯ ಚಾರ್ಟಿನಲ್ಲಿ ಸಮಯ ಬರೆಯುತ್ತೇವೆ.

ಬರೆಯುವ ವಿಷಯ ಬಂದದ್ದಕ್ಕೆ ಒಂದು ಮಾತು. "ಸುಸ್ತಾಗಿದ್ದಾರೆ" ಎಂದು ಬರೆದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. "ಎರಡು ದಿನದಿಂದ ಬಾತ್‌ರೂಮಿಗೆ ಹೋಗುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ" ಎಂದು ಬರೆಯಬೇಕು. ಇದನ್ನು ಕಲಿಯಲು ಎಂ.ಬಿ.ಬಿ.ಎಸ್. ಬೇಕಿಲ್ಲ, ತರಬೇತಿ ಮಾತ್ರ ಬೇಕೇ ಬೇಕು. ನಮಗೆ ಅದು ತಡವಾಗಿ ಸಿಕ್ಕಿತು, ಆ ಉಮ್ಮನ ಬೆರಳು ಹೋದ ಮೇಲೆ.

ಆದ್ದರಿಂದ ಟ್ರಸ್ಟಿನ ಮುಂದೆ ಎರಡು ಬೇಡಿಕೆ. ವಿದ್ಯಾರ್ಥಿವೇತನದ ಪಟ್ಟಿಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಜೊತೆಗೆ ಈ ಸಹಾಯಕರ ಕೋರ್ಸಿಗೂ ಒಂದು ಸಾಲು ಇರಲಿ, ಶಾಲೆ ಅರ್ಧಕ್ಕೆ ಬಿಟ್ಟ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ. ಗಂಡುಮಕ್ಕಳು ಎಂದು ಬೇಕೆಂದೇ ಹೇಳುತ್ತಿದ್ದೇವೆ, ಹಾಜಿಯವರಂಥವರು ಸ್ನಾನಕ್ಕೆ ನಮ್ಮನ್ನು ಒಪ್ಪುವುದಿಲ್ಲ. ಎರಡನೆಯದು, ರಾತ್ರಿ ಪಾಳಿಗೆ ಈಗ ಇಬ್ಬರೇ ಇದ್ದೇವೆ, ಮೂವರನ್ನು ಕೊಡಿ.

ಸಭೆ ಮುಗಿದ ಮೇಲೆ ಊಟದ ಹಾಲಿನ ಬಾಗಿಲಲ್ಲಿ ನಾವು ಬಿ.ಪಿ. ಯಂತ್ರ ಇಟ್ಟುಕೊಂಡು ಕೂತಿರುತ್ತೇವೆ. ನೋಡಿಸಿಕೊಳ್ಳುವವರು ಐದು ನಿಮಿಷ ಮಾತಾಡದೆ ಕೂತು ಆಮೇಲೆ ಕೈ ಕೊಡಿ. ನಾಲ್ಕು ಗಂಟೆಗೆ ಪಾಳಿ ಬದಲಾಗುತ್ತದೆ, ಅದಕ್ಕೆ ಮೊದಲು ಬಂದುಬಿಡಿ.