ಹೆಜ್ಜೆಯಿಡಬಾರದ ಕಡಲತೀರ

(ಪರಿಸರ ಅಧ್ಯಯನ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮೆಡಿಟರೇನಿಯನ್ ಸಮುದ್ರದ ನಡುವೆ ಸಾರ್ಡೀನಿಯಾ ಎಂಬ ದ್ವೀಪವಿದೆ. ಇಟಲಿ ದೇಶಕ್ಕೆ ಸೇರಿದ ಈ ದ್ವೀಪದ ವಿಸ್ತೀರ್ಣ ಸುಮಾರು 24,000 ಚದರ ಕಿಲೋಮೀಟರ್. ಅದರ ಒಳನಾಡಿನಲ್ಲಿ ಬೆಟ್ಟಗಳು, ಕಾರ್ಕ್ ಓಕ್ ಮರಗಳ ಕಾಡು, ಕುರಿಗಾಹಿಗಳ ಊರುಗಳಿವೆ. ಅಂಚಿನಲ್ಲಿ ಜಗತ್ತಿನ ಪ್ರವಾಸಿಗರನ್ನೆಲ್ಲ ಸೆಳೆಯುವ ಕಡಲತೀರಗಳಿವೆ. ಆ ದ್ವೀಪದ ಪ್ರೇಕ್ಷಣೀಯ ಸ್ಥಳಗಳನ್ನು ಪರಿಚಯಿಸುವುದು ಇಂದು ನನಗೆ ವಹಿಸಿದ ಕೆಲಸ. ಅವುಗಳನ್ನು ಹೇಗೆ ನೋಡಬೇಕೆಂಬುದನ್ನೂ ಜೊತೆಗೇ ಹೇಳದಿದ್ದರೆ ಆ ಪರಿಚಯ ಅಪೂರ್ಣವಾದೀತು.

ಮೊದಲು, ಯಾರೂ ಕಾಲಿಡಬಾರದ ಒಂದು ತೀರದ ವಿಷಯ. ದ್ವೀಪದ ಈಶಾನ್ಯ ಮೂಲೆಯಲ್ಲಿ ಲಾ ಮದ್ದಲೇನಾ ಎಂಬ ದ್ವೀಪಸಮೂಹವಿದೆ. ಅದರಲ್ಲಿನ ಪುಟ್ಟ ದ್ವೀಪ ಬುದೆಲ್ಲಿ. ಅಲ್ಲಿಯ ಒಂದು ತೀರದ ಮರಳು ನಸುಗೆಂಪು. ಕಡಲಿನಡಿಯ ಹುಲ್ಲುಗಾವಲಿನಲ್ಲಿ ವಾಸಿಸುವ ಮಿನಿಯಾಸಿನಾ ಎಂಬ ಸೂಕ್ಷ್ಮಜೀವಿಯ ಚಿಪ್ಪು ಕೆಂಪು. ಜೀವಿ ಸತ್ತ ಮೇಲೆ ಆ ಚಿಪ್ಪು ಪುಡಿಯಾಗಿ ಅಲೆಗಳೊಡನೆ ದಡ ಸೇರುತ್ತದೆ. 1964ರಲ್ಲಿ ಆಂತೋನಿಯೋನಿ ಎಂಬ ಪ್ರಸಿದ್ಧ ನಿರ್ದೇಶಕರ ಚಲನಚಿತ್ರವೊಂದರಲ್ಲಿ ಈ ತೀರ ಕಾಣಿಸಿಕೊಂಡ ಬಳಿಕ ಜನರು ದೋಣಿಗಳಲ್ಲಿ ಬಂದರು. ಬಂದವರು ನೆನಪಿಗೆಂದು ಮರಳನ್ನು ತುಂಬಿಕೊಂಡು ಹೋದರು, ದೋಣಿಗಳ ಲಂಗರುಗಳು ಹುಲ್ಲುಗಾವಲನ್ನು ಕಿತ್ತವು. ಬಣ್ಣ ಮಾಸತೊಡಗಿತು. 1990ರ ದಶಕದಲ್ಲಿ ಇದು ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಆ ತೀರದಲ್ಲಿ ನಡೆಯುವುದು, ಈಜುವುದು, ಲಂಗರು ಹಾಕುವುದು ನಿಷಿದ್ಧವಾಯಿತು. 1989ರಲ್ಲಿ ಅಲ್ಲಿಗೆ ಬಂದ ಮೌರೊ ಮೊರಾಂಡಿ ಎಂಬವರು 2021ರವರೆಗೆ ಒಬ್ಬಂಟಿಯಾಗಿ ದ್ವೀಪದಲ್ಲಿದ್ದು ಅದನ್ನು ಕಾದರು. ಇಂದು ಈ ತೀರವನ್ನು ದೂರದಿಂದ ಮಾತ್ರ ನೋಡಬಹುದು.

ಕಡಲ ಹುಲ್ಲುಗಾವಲು ಎಂದೆನಲ್ಲ, ಅದರ ಹೆಸರು ಪೊಸಿಡೋನಿಯಾ. ಇದು ಪಾಚಿಯಲ್ಲ. ಬೇರು, ಎಲೆ, ಹೂವು, ಹಣ್ಣುಗಳುಳ್ಳ ನಿಜವಾದ ಸಸ್ಯ. ಮೀನುಗಳ ಮರಿಗಳಿಗೆ ಆಶ್ರಯ ನೀಡುತ್ತದೆ, ತಳದ ಮಣ್ಣನ್ನು ಹಿಡಿದಿಡುತ್ತದೆ. ವರ್ಷಕ್ಕೆ ಹರಡುವುದು ಕೆಲವೇ ಸೆಂಟಿಮೀಟರ್. ಒಮ್ಮೆ ಕಿತ್ತರೆ ತುಂಬಿಕೊಳ್ಳಲು ತಲೆಮಾರುಗಳೇ ಬೇಕು. ಚಳಿಗಾಲದಲ್ಲಿ ಇದರ ಒಣ ಎಲೆಗಳು ದಡದಲ್ಲಿ ಕಂದುಬಣ್ಣದ ರಾಶಿಯಾಗಿ ಬೀಳುತ್ತವೆ. ಪ್ರವಾಸಿಗರಿಗೆ ಅದು ಕಸ. ಯಂತ್ರಗಳಿಂದ ಆ ಕಸ ತೆಗೆಸಿದಲ್ಲೆಲ್ಲ ಜೊತೆಗೆ ಮರಳೂ ಹೋಗುತ್ತದೆ, ಬಿರುಗಾಳಿಯ ಅಲೆಗಳಿಗೆ ದಡ ತೆರೆದುಕೊಳ್ಳುತ್ತದೆ. ಕಾಡಿನ ತರಗೆಲೆ ನೆಲವನ್ನು ಹೇಗೆ ಕಾಯುತ್ತದೆಂಬುದನ್ನು ಬಲ್ಲ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಹೋಗಿ ನೋಡಬಹುದಾದ ತಾಣಗಳು. ಪಶ್ಚಿಮದ ಇಸ್ ಅರುತಾಸ್ ತೀರದಲ್ಲಿ ಗ್ರಾನೈಟ್ ಶಿಲೆ ಸವೆದುಳಿದ ಬೆಣಚು ಕಲ್ಲಿನ ಹರಳುಗಳು ಅಕ್ಕಿಕಾಳಿನಂತೆ ಹರಡಿವೆ. ವಾಯವ್ಯದ ಲಾ ಪೆಲೋಸಾ ತೀರದಲ್ಲಿ ನೀರು ಮೊಣಕಾಲುದ್ದ, ತಿಳಿಹಸಿರು. ಎದುರಿಗೆ 16ನೇ ಶತಮಾನದ ಕಾವಲುಗೋಪುರ. ಬೇಸಿಗೆಯಲ್ಲಿ ಅಲ್ಲಿಗೆ ದಿನಕ್ಕೆ 1,500 ಜನರಿಗಷ್ಟೇ ಪ್ರವೇಶ. ಒದ್ದೆ ಬಟ್ಟೆಗೆ ಮರಳು ಅಂಟಿಕೊಂಡು ಹೋಗುವುದರಿಂದ ಕೆಳಗೆ ಚಾಪೆ ಹಾಸದೆ ಅದನ್ನು ಮರಳ ಮೇಲೆ ಹರಡುವಂತಿಲ್ಲ.

ಪೂರ್ವದ ಗೊಲೊರಿತ್ಸೆ ತೀರವನ್ನು ಬೆಟ್ಟದವರಾದ ನೀವು ವಿಶೇಷವಾಗಿ ಗಮನಿಸಬೇಕು. 1962ರ ಭೂಕುಸಿತದಿಂದ ರೂಪುಗೊಂಡ ಈ ಪುಟ್ಟ ಕೊಲ್ಲಿಯ ಮೇಲೆ 143 ಮೀಟರ್ ಎತ್ತರದ ಸುಣ್ಣಕಲ್ಲಿನ ಸೂಜಿ ನಿಂತಿದೆ. ಗೋಲ್ಗೊ ಪ್ರಸ್ಥಭೂಮಿಯಿಂದ ಒಂದು ಗಂಟೆಗೂ ಹೆಚ್ಚು ಹೊತ್ತು ಇಳಿಯಬೇಕು. ಆ ಸೀಮೆಯಲ್ಲಿ ಜುನಿಪರ್ ಮರದ ಕೊಂಬೆಗಳಿಂದ ಕುರಿಗಾಹಿಗಳು ಕಟ್ಟಿದ ಹಳೆಯ ಗುಡಿಸಲುಗಳಿವೆ. ಬೌನೇಯಿ ಎಂಬ ಬೆಟ್ಟದೂರಿನ ಸ್ಥಳೀಯ ಆಡಳಿತವೇ ಇದನ್ನು ನೋಡಿಕೊಳ್ಳುತ್ತದೆ. ಬೇಸಿಗೆಯಲ್ಲಿ ದಿನಕ್ಕೆ 250 ಜನ ಮಾತ್ರ. ಮುಂಚಿತವಾಗಿ ಕಾದಿರಿಸಿ, ಶುಲ್ಕ ತೆತ್ತು ಬರಬೇಕು.

ಈ ಎಚ್ಚರ ಸುಮ್ಮನೆ ಬಂದುದಲ್ಲ. ಒಂದು ಕಾಲಕ್ಕೆ ಮಲೇರಿಯಾದ ಭಯದಿಂದ ಜನ ಆ ಕರಾವಳಿಯಲ್ಲಿ ನೆಲೆಸಲು ಅಂಜುತ್ತಿದ್ದರು. ಮಲೆನಾಡಿನ ಹಿರಿಯರಿಗೆ ಆ ಚಳಿಜ್ವರದ ಕಥೆ ಹೊಸದಲ್ಲ. 1946ರಿಂದ 1950ರವರೆಗೆ ಡಿಡಿಟಿ ಸಿಂಪಡಿಸಿ ಅದನ್ನು ನಿರ್ಮೂಲ ಮಾಡಿದರು. 1962ರಲ್ಲಿ ಆಗಾ ಖಾನರ ನೇತೃತ್ವದ ಒಕ್ಕೂಟ ಈಶಾನ್ಯ ತೀರದಲ್ಲಿ ಸಿರಿವಂತರ ವಿಹಾರಧಾಮವನ್ನು ಆರಂಭಿಸಿತು. ಕರಾವಳಿಯುದ್ದಕ್ಕೂ ಕಟ್ಟಡಗಳೆದ್ದವು. ಕೊನೆಗೆ 2004ರಲ್ಲಿ ಪ್ರಾದೇಶಿಕ ಸರ್ಕಾರ ಕಡಲಂಚಿನಿಂದ ಎರಡು ಕಿಲೋಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ತಡೆಯೊಡ್ಡಿತು. 2017ರ ಕಾನೂನು ಮರಳು, ಚಿಪ್ಪು, ಬೆಣಚುಕಲ್ಲು ಒಯ್ಯುವವರಿಗೆ 500ರಿಂದ 3,000 ಯೂರೋವರೆಗೆ ದಂಡ ವಿಧಿಸಿತು. ಆದರೂ 2019ರಲ್ಲಿ ಪ್ರವಾಸಿ ದಂಪತಿಯೊಂದರ ಕಾರಿನಲ್ಲಿ 14 ಬಾಟಲಿಗಳಲ್ಲಿ ಸುಮಾರು 40 ಕಿಲೋ ಮರಳು ಸಿಕ್ಕಿತು. ಅದು ಅಪರಾಧವೆಂದು ತಮಗೆ ತಿಳಿದಿರಲಿಲ್ಲವೆಂದು ಅವರು ಹೇಳಿದರು.

ಈ ಅರಿಯದಿರುವಿಕೆಯೇ ನಮ್ಮ ಮುಂದಿರುವ ಪ್ರಶ್ನೆ. ಒಬ್ಬನು ಒಯ್ಯುವುದು ಒಂದು ಹಿಡಿ. ಅವನ ಕಣ್ಣಿಗೆ ತೀರ ಹಾಗೆಯೇ ಇರುತ್ತದೆ. ಬೇಸಿಗೆಯೊಂದರಲ್ಲಿ ಬರುವ ಲಕ್ಷಾಂತರ ಜನರ ಹಿಡಿಗಳನ್ನು ಕೂಡಿಸಿ ನೋಡುವವರು ಅಲ್ಲಿ ವಾಸಿಸುವವರು ಮಾತ್ರ. ಆದ್ದರಿಂದ ಎಷ್ಟು ಜನ ಬರಬೇಕು, ಎಲ್ಲಿಯವರೆಗೆ ಬರಬೇಕೆಂಬ ಲೆಕ್ಕದಲ್ಲಿ ಸ್ಥಳೀಯರ ಮಾತಿಗೆ ತೂಕವಿರಬೇಕು. ನೂರಾರು ವರ್ಷ ಕುರಿ ಕಾದ ಬೌನೇಯಿಯ ಜನರು ತಮ್ಮ ಕೊಲ್ಲಿಗೆ 250 ಎಂಬ ಮಿತಿ ಹಾಕಿಕೊಂಡರು. ಇನ್ನೂ ಹೆಚ್ಚು ಜನರಿಂದ ಬರಬಹುದಾಗಿದ್ದ ಹಣವನ್ನು ಬಿಟ್ಟುಕೊಟ್ಟರು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಆ ದ್ವೀಪಕ್ಕೆ ಹೋದರೆ ಜುಲೈ, ಆಗಸ್ಟ್ ತಿಂಗಳುಗಳನ್ನು ಬಿಟ್ಟು ಹೋಗಿ. ಬೆಟ್ಟದ ದಾರಿಯಲ್ಲಿ ನಡೆದು ಇಳಿಯಿರಿ. ಮರಳುವ ಮುನ್ನ ಕಾಲಿಗೆ ಅಂಟಿದ ಮರಳನ್ನು ಅಲ್ಲಿಯೇ ಕೊಡವಿ ಬನ್ನಿ.